ಚೀಲವೋ, ಡಬ್ಬಿಯೋ?

ಒಂದು ವಸ್ತುವನ್ನು ಕೊಳ್ಳಬೇಕೆಂದು ಅಂಗಡಿಗೆ ಹೋಗಿ, ಅದನ್ನೇ ಕೊಂಡು, ಅದೇ ದಿನ ಮನೆಗೆ ಮರಳುವವರನ್ನು ಕಂಡರೆ ನನಗೆ ಬಹಳ ಗೌರವ. ಅಂಥವರು ಚಪ್ಪಲಿ ಅಂಗಡಿಗೆ ಹೋಗುತ್ತಾರೆ, ಕಾಲು ತೂರಿಸುತ್ತಾರೆ, ನಾಲ್ಕು ಹೆಜ್ಜೆ ನಡೆದು ನೋಡುತ್ತಾರೆ, ಹಳೆಯದನ್ನು ಕವರಿಗೆ ಹಾಕಿಸಿಕೊಂಡು ಹೊಸದರಲ್ಲೇ ಹೊರಟುಬಿಡುತ್ತಾರೆ. ನಾನು ಹೋದರೆ ಎಡಗಾಲಿಗೆ ಕಂದು, ಬಲಗಾಲಿಗೆ ಕಪ್ಪು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆನೆಂದರೆ ಅಂಗಡಿಯಾತ ಊಟ ಮುಗಿಸಿ ಬಂದರೂ ಅಲ್ಲೇ ನಿಂತಿರುತ್ತೇನೆ. ಹೋಟೆಲಿನಲ್ಲಿ ಇರುವ ತಿಂಡಿಗಳ ಹೆಸರನ್ನೆಲ್ಲ ಹೇಳಿಸಿ, ಇನ್ನೊಮ್ಮೆ ಹೇಳಿಸಿ, ಪಕ್ಕದ ಮೇಜಿನವರ ತಟ್ಟೆಯನ್ನೂ ಇಣುಕಿ ನೋಡಿ, ಕೊನೆಗೆ ಇಡ್ಲಿ ಎನ್ನುತ್ತೇನೆ. ಅಷ್ಟು ಹೊತ್ತಿಗೆ ಇಡ್ಲಿ ಮುಗಿದಿರುತ್ತದೆ. ನನ್ನ ಮದುವೆಯೂ ನನ್ನ ನಿರ್ಧಾರದಿಂದ ಆದದ್ದಲ್ಲ. ಹೆಣ್ಣು ನೋಡಿ ಬಂದು ನಾನು ಯೋಚಿಸುತ್ತ ಕುಳಿತಿದ್ದಾಗ ಹುಡುಗಿಯ ಮನೆಯಿಂದಲೇ, ನಮಗೆ ಒಪ್ಪಿಗೆ, ಛತ್ರವನ್ನೂ ಗೊತ್ತು ಮಾಡಿದ್ದೇವೆ ಎಂದು ಸುದ್ದಿ ಬಂತು. ಇಲ್ಲದಿದ್ದರೆ ಇವತ್ತಿಗೂ ಯೋಚಿಸುತ್ತಲೇ ಇರುತ್ತಿದ್ದೆನೇನೋ.

ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಇನ್ನೊಂದಿದೆ. ನಾನು ಕೋಲಾರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕ. ವಿವೇಕಿಯಾದ ಗ್ರಾಹಕನು ತನ್ನ ಮುಂದಿರುವ ಎರಡು ಸರಕುಗಳಲ್ಲಿ ಯಾವುದನ್ನು ಹೇಗೆ ಆಯ್ದುಕೊಳ್ಳುತ್ತಾನೆ ಎಂಬುದನ್ನು ಪ್ರತಿವರ್ಷ ಹೊಸ ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ವಿವರಿಸುತ್ತೇನೆ. ಆ ಗ್ರಾಹಕ ಎಂಥ ಚುರುಕು ಮನುಷ್ಯ! ಸೇಬು ಇಷ್ಟು, ಬಾಳೆಹಣ್ಣು ಇಷ್ಟು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಗರಿಷ್ಠ ತುಷ್ಟಿಗುಣ ಪಡೆದು ಗೆರೆಯ ಮೇಲೆ ಚುಕ್ಕಿಯಾಗಿ ಕುಳಿತುಬಿಡುತ್ತಾನೆ. ಅವನನ್ನು ಬಿಡಿಸುವಾಗಲೆಲ್ಲ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ತರಗತಿ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ, ಟೀಯೋ ಕಾಫಿಯೋ ಎಂದು ಕೇಳುವ ಆಯಾ ನನ್ನ ಉತ್ತರಕ್ಕೆ ಕಾಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅವಳ ಕೈಗೆ ಸಿಕ್ಕಿದ್ದನ್ನು ನಾನು ಕುಡಿಯುತ್ತೇನೆ.

ಇಂಥ ನನ್ನ ಪಾಲಿಗೆ ಧೂಳು ಹೀರುವ ಯಂತ್ರವೊಂದನ್ನು, ಎಂದರೆ ವ್ಯಾಕ್ಯೂಮ್ ಕ್ಲೀನರನ್ನು, ಆರಿಸುವ ಕೆಲಸ ಬಂತು. ಅದಕ್ಕೆ ಕಾರಣ ನನ್ನ ಹೆಂಡತಿ ವಸಂತಾಳ ಮೂಗು, ಮತ್ತು ನಮ್ಮ ಮನೆಯಿರುವ ರಸ್ತೆ. ಟೊಮೆಟೊ ತುಂಬಿದ ಟೆಂಪೋಗಳು ಮಾರ್ಕೆಟ್ಟಿಗೆ ಹೋಗಲು ಹಿಡಿಯುವ ಅಡ್ಡದಾರಿಯಲ್ಲಿ ನಮ್ಮ ಮನೆ ಇದೆ. ರಸ್ತೆಗೆ ಡಾಂಬರು ಹಾಕಿದ ವರ್ಷವೇ ಪೈಪು ಹೂಳಲು ಅಗೆದರು. ಪೈಪು ಹೂತ ಮೇಲೆ ಮಣ್ಣು ಮುಚ್ಚಿದರು. ಆ ಮಣ್ಣು ಅಲ್ಲೇ ಉಳಿಯಲು ಇಷ್ಟಪಡದೆ ನಮ್ಮ ಮನೆಗೆ ಬರತೊಡಗಿತು. ಒಳ್ಳೆಯ ಕೆಂಪು ಮಣ್ಣು. ಟೀವಿಯ ಮೇಲೆ, ದೇವರ ಪಟಗಳ ಮೇಲೆ, ಬೀರುವಿನಲ್ಲಿ ಮಡಿಸಿಟ್ಟ ಬಿಳಿ ಪಂಚೆಯ ಮಡಿಕೆಯೊಳಗೂ ಅದೇ. ವಸಂತಾ ಕ್ಯಾಲನೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಹಗಲೆಲ್ಲ ಸೀಮೆಸುಣ್ಣದ ಪುಡಿ, ಬೆಳಗ್ಗೆ ಸಂಜೆ ಈ ಕೆಂಪು ಪುಡಿ. ಮೊದಮೊದಲು ಸೀನುತ್ತಿದ್ದಳು. ಆಮೇಲೆ ಕೆಮ್ಮು ಬಂತು. ಬೇಸಿಗೆ ಶುರುವಾಗುವ ಹೊತ್ತಿಗೆ ಪೊರಕೆ ಹಿಡಿದ ಅರ್ಧ ಗಂಟೆಗೆಲ್ಲ ಎದೆಯಲ್ಲಿ ಪೀಪಿ ಊದಿದಂಥ ಸದ್ದು ಬರಲು ಶುರುವಾಯಿತು.

ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳಿ, "ಇನ್ಮೇಲೆ ನೀವು ಒಣ ಪೊರಕೆ ಹಿಡೀಬೇಡಿ ಟೀಚರ್. ಗುಡಿಸಿದ್ರೆ ಧೂಳು ಹೋಗಲ್ಲ, ಎದ್ದು ಬಂದು ನಿಮ್ಮ ಎದೇಲಿ ಕೂತ್ಕೊಳ್ಳುತ್ತೆ" ಎಂದರು. ನಾನು ಆ ಕ್ಷಣದಲ್ಲಿ ಬಹಳ ಗಂಭೀರನಾಗಿ, "ಒಂದು ವ್ಯಾಕ್ಯೂಮ್ ಕ್ಲೀನರ್ ತಂದುಬಿಡ್ತೀನಿ ಡಾಕ್ಟ್ರೇ" ಎಂದೆ. ವಸಂತಾ ನನ್ನ ಕಡೆ ತಿರುಗಿ ನೋಡಿದಳು. ಇಷ್ಟು ವರ್ಷಗಳ ಸಂಸಾರದಲ್ಲಿ ನಾನು ಅಷ್ಟು ಬೇಗ ಒಂದು ಮಾತು ಆಡಿದ್ದು ಅವಳಿಗೂ ಹೊಸದು. ಮನೆಗೆ ಬರುವ ದಾರಿಯಲ್ಲಿ ಸ್ಕೂಟರಿನ ಹಿಂದಿನಿಂದ, "ದೊಡ್ಡದೇನೂ ಬೇಡ ಕಣ್ರೀ, ನಮಗೆ ಹಿಡಿಸೋ ಅಂಥದ್ದು ಒಂದು ಚಿಕ್ಕದು ಸಾಕು" ಎಂದಳು. ನಾನೂ ಸಾಕು ಎಂದೆ. ಅಲ್ಲಿಗೆ ಸಮಸ್ಯೆ ಮುಗಿಯಿತೆಂದೇ ಇಬ್ಬರೂ ತಿಳಿದಿದ್ದೆವು.

ಆದರೆ ನಮಗೆ ಎಟಕುವ ಬೆಲೆಯಲ್ಲಿ ಎರಡು ಜಾತಿಯ ಯಂತ್ರಗಳಿದ್ದವು. ಒಂದರಲ್ಲಿ ಹೀರಿದ ಧೂಳು ಒಳಗಿರುವ ಕಾಗದದ ಚೀಲಕ್ಕೆ ಹೋಗಿ ಬೀಳುತ್ತದೆ. ತುಂಬಿದ ಮೇಲೆ ಚೀಲವನ್ನೇ ಬಿಸಾಡಿ ಇನ್ನೊಂದನ್ನು ಹಾಕಬೇಕು. ಇನ್ನೊಂದರಲ್ಲಿ ಚೀಲವಿಲ್ಲ, ಪ್ಲಾಸ್ಟಿಕ್ ಡಬ್ಬಿ. ತುಂಬಿದಾಗ ಕಸದ ಬುಟ್ಟಿಗೆ ಸುರಿದು, ತೊಳೆದು, ಮತ್ತೆ ಅದನ್ನೇ ಸಿಕ್ಕಿಸಬೇಕು. ಚೀಲದ್ದಾದರೆ ಧೂಳು ಮುಚ್ಚಿಕೊಂಡು ಹೋಗುತ್ತದೆ, ಆದರೆ ಚೀಲ ಕೊಳ್ಳುತ್ತಲೇ ಇರಬೇಕು. ಡಬ್ಬಿಯದ್ದಾದರೆ ಚೀಲದ ಖರ್ಚಿಲ್ಲ, ಆದರೆ ಸುರಿಯುವಾಗ ಧೂಳು ಏಳುತ್ತದೆ. ಇಷ್ಟೇ ವಿಷಯ. ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿರುವಾಗಲೇ ಮನಸ್ಸಿನಲ್ಲಿ ಒಂದನ್ನು ಆರಿಸಿಯೂ ಬಿಟ್ಟಿರುತ್ತೀರಿ. ನಾನು ಫೋನಿನಲ್ಲಿ ವಿಡಿಯೋ ನೋಡಲು ಕುಳಿತೆ.

ಆ ವಿಡಿಯೋಗಳಲ್ಲಿ ನಗುಮುಖದ ಯುವಕರು ಚೊಕ್ಕಟವಾದ ನೆಲದ ಮೇಲೆ ತಾವೇ ಅಕ್ಕಿ ಚೆಲ್ಲಿ ತಾವೇ ಹೀರುತ್ತಿದ್ದರು. ಒಬ್ಬ ಚೀಲದ್ದೇ ಒಳ್ಳೆಯದು ಎಂದರೆ ನಾನು ತಲೆದೂಗುತ್ತಿದ್ದೆ. ಮುಂದಿನವನು ಡಬ್ಬಿಯದ್ದೇ ಒಳ್ಳೆಯದು ಎಂದರೆ ಆಗಲೂ ತಲೆದೂಗುತ್ತಿದ್ದೆ. ಹೀಗೆ ತಲೆದೂಗುತ್ತ ಮಾವಿನಕಾಯಿ ಕಾಲ ಕಳೆದು ಹಣ್ಣಿನ ಕಾಲ ಬಂತು. ವಸಂತಾ ಮೂಗಿಗೆ ಸೆರಗು ಕಟ್ಟಿಕೊಂಡು ಅದೇ ಪೊರಕೆಯಲ್ಲಿ ಗುಡಿಸುತ್ತಿದ್ದಳು. ಗುಡಿಸುತ್ತ ನಾನು ಕುಳಿತಲ್ಲಿಗೆ ಬಂದಾಗ "ಕಾಲೆತ್ತಿ" ಎನ್ನುತ್ತಿದ್ದಳು. ನಾನು ಕಾಲೆತ್ತಿಕೊಂಡು ಮುಂದಿನ ವಿಡಿಯೋ ನೋಡುತ್ತಿದ್ದೆ. ಇದೆಲ್ಲ ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದೇನೆಂಬ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಈ ನಡುವೆ ನನಗೆ ವಿಷಯದ ಮೇಲೆ ಎಂಥ ಹಿಡಿತ ಬಂತೆಂದರೆ, ಊರಿನಲ್ಲಿ ಯಾರಿಗೆ ಯಂತ್ರ ಬೇಕಾದರೂ ಮುನಿರಾಜು ಸರ್ ಅವರನ್ನು ಕೇಳಿ ಎನ್ನುವಂತಾಯಿತು. ಮಾಲೂರಿನಿಂದ ಯಾರೋ ದೂರದ ನೆಂಟರು ಫೋನು ಮಾಡಿದರು. ಅವರಿಗೆ ನಾನು ಮೋಟಾರಿನ ಶಕ್ತಿ, ಸೋಸುವ ಬಟ್ಟೆ, ಕೊಳವೆಯ ಉದ್ದ, ಸದ್ದಿನ ಮಟ್ಟ ಎಲ್ಲವನ್ನೂ ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. ಅವರು ಸಂಜೆಗೆಲ್ಲ ಒಂದನ್ನು ಕೊಂಡು, ಅದರ ಪಕ್ಕದಲ್ಲಿ ನಿಂತ ಫೋಟೋ ಕಳಿಸಿ, ಬಹಳ ಉಪಕಾರವಾಯಿತು ಎಂದು ಬರೆದರು. ವಸಂತಾ ಆ ಫೋಟೋ ನೋಡಿ, ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು ಪೊರಕೆ ಎತ್ತಿಕೊಂಡಳು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆಯಿಂದಾಗಿ ಎರಡು ಪಕ್ಷಗಳೇ ಹುಟ್ಟಿದವು. ಭೌತಶಾಸ್ತ್ರದ ರೆಡ್ಡಿ ಡಬ್ಬಿ ಪಕ್ಷ. ಶ್ರೀನಿವಾಸಪುರದ ಕಡೆಯವರು, ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. "ಇದ್ರಲ್ಲಿ ಯೋಚ್ನೆ ಮಾಡೋಕೆ ಏನೈತೆ ಸಾರ್? ಡಬ್ಬಿಯೊಳಗೆ ಗಾಳಿ ಸುಂಟರಗಾಳಿ ತರ ಗಿರ್ರಂತ ತಿರುಗ್ತೈತೆ, ಧೂಳೆಲ್ಲ ಅಂಚಿಗೆ ಬೀಳ್ತೈತೆ. ಪ್ಯೂರ್ ಫಿಸಿಕ್ಸ್. ಅಷ್ಟೇ ಸಾರ್, ಅಂತೇ!" ಎನ್ನುತ್ತಿದ್ದರು. ಇತಿಹಾಸದ ನೂರುಲ್ಲಾ ಸಾಹೇಬರು ಚೀಲ ಪಕ್ಷ. ಅವರು ನಿಧಾನವಾಗಿ ಕನ್ನಡಕ ಒರೆಸುತ್ತ, "ನೋಡಿ ಮುನಿರಾಜು ಸರ್, ಮನೆಯ ಕಸ ಮನೆಯವರ ಮುಂದೆ ಮತ್ತೆ ಮುಖ ತೋರಿಸಬಾರದು. ಇಜ್ಜತ್ತಿಂದ ಚೀಲದಲ್ಲಿ ಕೂತು ಹಾಗೇ ಹೊರಗೆ ಹೋಗ್ಬಿಡಬೇಕು" ಎನ್ನುತ್ತಿದ್ದರು. ಇಬ್ಬರ ಮನೆಯಲ್ಲೂ ಯಂತ್ರವಿತ್ತು. ಆದ್ದರಿಂದ ಇಬ್ಬರ ಮಾತಿಗೂ ತೂಕವಿತ್ತು. ವಿವೇಕಿಯಾದ ಗ್ರಾಹಕನು ಎರಡನ್ನೂ ಕಣ್ಣಾರೆ ಕಾಣಬೇಕೆಂದು ನಾನು ಇಬ್ಬರ ಮನೆಗೂ ಹೋದೆ.

ನೂರುಲ್ಲಾ ಸಾಹೇಬರ ಮನೆಯಲ್ಲಿ ಮೊದಲು ಶಾವಿಗೆ ಪಾಯಸ ಬಂತು, ಆಮೇಲೆ ಯಂತ್ರ ಬಂತು. ಗುಂಡಿ ಒತ್ತಿದಾಗ ಮುಂದಿನಿಂದ ಧೂಳು ಒಳಗೆ ಹೋಗಿದ್ದು ನಿಜ. ಹಿಂದಿನಿಂದ ತೆಳ್ಳಗಿನ ಹೊಗೆಯಂತೆ ಅದೇ ಧೂಳು ಹೊರಗೆ ಬಂದದ್ದೂ ನಿಜ. ಅವರ ಪತ್ನಿ ಒಳಬಾಗಿಲಲ್ಲಿ ನಿಂತು ನಗುತ್ತ ಗುಟ್ಟು ಬಿಟ್ಟುಕೊಟ್ಟರು. "ಕಂಪನಿ ಚೀಲ ಇಲ್ಲಿ ಸಿಗಲ್ಲ ಭಾಯಿಸಾಬ್. ಬೆಂಗ್ಳೂರಿಂದ ತರ್ತೀನಿ ತರ್ತೀನಿ ಅಂತಾರೆ, ತರಲ್ಲ. ನಾನೇ ಹಳೇ ಪರದೆ ಬಟ್ಟೆ ಹೊಲಿದು ಹಾಕಿದ್ದೀನಿ." ಸಾಹೇಬರು ಕನ್ನಡಕ ಒರೆಸಿಕೊಂಡು, ಚೀಲದ ತತ್ವದಲ್ಲಿ ದೋಷವಿಲ್ಲ, ಸರಬರಾಜಿನಲ್ಲಿ ಮಾತ್ರ ಎಂದರು.

ರೆಡ್ಡಿಯವರ ಮನೆಯಲ್ಲಿ ಯಂತ್ರ ಬಹಳ ಚೆನ್ನಾಗಿ ಕೆಲಸ ಮಾಡಿತು. ತುಂಬಿದ ಡಬ್ಬಿಯನ್ನು ತೋರಿಸಲು ನನ್ನನ್ನು ತಾರಸಿಗೆ ಕರೆದುಕೊಂಡು ಹೋದರು. ಅಲ್ಲಿಂದ ಕೆಳಗಿನ ಖಾಲಿ ಸೈಟಿಗೆ ಸುರಿಯುವುದು ಅವರ ಪದ್ಧತಿ. ಅವರು ಡಬ್ಬಿ ಬಗ್ಗಿಸುವುದಕ್ಕೂ ಗಾಳಿ ತಿರುಗುವುದಕ್ಕೂ ಸರಿಹೋಯಿತು. ಇಡೀ ಡಬ್ಬಿಯ ಧೂಳು ಪಕ್ಕದ ತಾರಸಿಗೆ ಹೋಗಿ, ಸೀರೆಯ ಮೇಲೆ ಸಾಲಾಗಿ ಇಟ್ಟಿದ್ದ ಸಂಡಿಗೆಗಳ ಮೇಲೆ ಮೆಲ್ಲಗೆ ಇಳಿಯಿತು. ಪಕ್ಕದ ಮನೆಯಾಕೆ ಬರುವಷ್ಟರಲ್ಲಿ ನಾವಿಬ್ಬರೂ ನೀರಿನ ಟ್ಯಾಂಕಿನ ಹಿಂದೆ ಬಗ್ಗಿ ಕುಳಿತಿದ್ದೆವು. ಆಕೆ ತೆಲುಗಿನಲ್ಲಿ ಬೈದದ್ದನ್ನು ನಾನು ಕೇಳಿಸಿಕೊಂಡೆ. ರೆಡ್ಡಿ ಕುಳಿತಲ್ಲಿಂದಲೇ ಪಿಸುಗುಟ್ಟಿದರು: "ಇದು ಗಾಳಿ ತಪ್ಪು ಸಾರ್. ಡಬ್ಬಿ ತಪ್ಪಲ್ಲ." ನಾನು ಎರಡೂ ಕಡೆಯಿಂದ ಸಮಾನವಾಗಿ ಪ್ರಭಾವಿತನಾಗಿ ಮನೆಗೆ ಬಂದೆ. ಅಂದರೆ ಹೊರಟಲ್ಲೇ ಇದ್ದೆ.

ಕೊನೆಗೆ ವಸಂತಾಳೇ ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳು ಬ್ಯಾಗು ಕೂಡ ಇಳಿಸದೆ, "ಏಳಿ, ಇವತ್ತು ಹೋಗಿ ತಂದುಬಿಡೋಣ" ಎಂದಳು. ಅಂಗಡಿ ಪೇಟೆಯೊಳಗೆ, ಉದ್ದವಾದ ಇಕ್ಕಟ್ಟಿನ ಮಳಿಗೆ. ಮಾಲೀಕ ಬಹಳ ಉತ್ಸಾಹದ ಮನುಷ್ಯ. "ಬಾಯಲ್ಲಿ ಹೇಳಲ್ಲ ಸಾರ್, ಮಾಡಿ ತೋರಿಸ್ತೀನಿ" ಎಂದು ಒಂದು ಡಬ್ಬದಲ್ಲಿ ಅದಕ್ಕೆಂದೇ ಕೂಡಿಟ್ಟಿದ್ದ ಧೂಳನ್ನು ಹಿಡಿಯಷ್ಟು ತೆಗೆದು ಕಾಲೊರಸಿನ ಮೇಲೆ ಚೆಲ್ಲಿದ. ಚೀಲದ ಯಂತ್ರದಿಂದ ಹೀರಿ ತೋರಿಸಿದ. ಮತ್ತೆ ಚೆಲ್ಲಿದ. ಡಬ್ಬಿಯ ಯಂತ್ರದಿಂದ ಹೀರಿದ. ನಾನು, ಮೂಲೆಯಲ್ಲಿ ಹೇಗೆ ಹೀರುತ್ತದೆ ನೋಡೋಣ ಎಂದೆ. ಮೂಲೆಗೆ ಚೆಲ್ಲಿದ. ಸಂದಿಯಲ್ಲಿ ಎಂದೆ. ಸಂದಿಗೆ ಚೆಲ್ಲಿದ. ಡಬ್ಬಿ ಬಿಚ್ಚುವುದು ಹೇಗೆ ಎಂದೆ. ಬಿಚ್ಚಿ, ಬಗ್ಗಿಸಿ, ತಳಕ್ಕೆ ಪಟಪಟ ತಟ್ಟಿ ತೋರಿಸಿದ.

ನಾನು ಆಗ ನೆಲಕ್ಕೆ ಮಂಡಿಯೂರಿ ಯಂತ್ರದ ಹೊಟ್ಟೆಯ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದುತ್ತಿದ್ದೆ. ಮೇಲಿನಿಂದ ವಸಂತಾಳ ದನಿ ಕೇಳಿಸಿತು. "ರೀ, ನನಗೆ ಆಗ್ತಿಲ್ಲ."

ಅವಳಿಗೆ ಅದರ ಬಣ್ಣ ಹಿಡಿಸಲಿಲ್ಲವೆಂದು ತಿಳಿದು ನಾನು ತಲೆಯೆತ್ತದೆಯೇ, "ನೀಲಿ ಬಣ್ಣದ್ದೂ ಇದೆಯಂತೆ ಕಣೇ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ ನಾನು ಎದ್ದು, ಮಂಡಿ ಒರೆಸಿಕೊಂಡು, "ನಿನಗೇನನ್ನಿಸುತ್ತೆ?" ಎಂದು ತಿರುಗಿದರೆ ಅಲ್ಲಿ ಒಂದು ಫ್ರಿಜ್ಜು ನಿಂತಿತ್ತು. ಮಾಲೀಕ ಬಾಗಿಲ ಕಡೆ ನೋಡಿ, "ಮೇಡಂ ಎದೆ ಹಿಡ್ಕೊಂಡು ಆಚೆ ಹೋದ್ರಲ್ಲ ಸಾರ್, ಆಟೋ ಹತ್ತಿದ್ರು. ನಿಮಗೆ ಹೇಳಿದ್ದಾರೆ ಅನ್ಕೊಂಡೆ" ಎಂದ. ಅವಳು ಹೇಳಿಯೇ ಹೋಗಿದ್ದಳು. ನಾನು ಸ್ಕೂಟರಿನ ಬೀಗದ ಕೈಗಾಗಿ ಇದ್ದಬದ್ದ ಜೇಬುಗಳನ್ನೆಲ್ಲ ತಡಕಿದೆ. ಅದು ಕೈಯಲ್ಲೇ ಇತ್ತು. ಪೇಟೆಯ ಆ ರಸ್ತೆ ಅಷ್ಟು ಉದ್ದವಿದೆಯೆಂದು ನನಗೆ ಆವತ್ತೇ ತಿಳಿದದ್ದು. ಮುಂದೆ ಎಮ್ಮೆಯೊಂದು ಅಡ್ಡ ನಿಂತಿತ್ತು. ಅದರ ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಹೇಗೋ ನುಗ್ಗಿದೆ.

ಡಾಕ್ಟರ ಶಾಪಿನಲ್ಲಿ ವಸಂತಾ ಬೆಂಚಿನ ಮೇಲೆ ಕುಳಿತು ಗೋಡೆಗೆ ಒರಗಿದ್ದಳು. ಮೂಗು ಬಾಯಿಗೆ ಮಾಸ್ಕು ಹಾಕಿದ್ದರು, ಅದರಿಂದ ಔಷಧದ ಹಬೆ ಬುಸುಬುಸು ಏಳುತ್ತಿತ್ತು. ಒಂದೊಂದು ಉಸಿರಿಗೂ ಭುಜಗಳು ಮೇಲೆದ್ದು ಇಳಿಯುತ್ತಿದ್ದವು. ಕುತ್ತಿಗೆಯ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಉಸಿರು ತೆಗೆದುಕೊಳ್ಳುವುದಕ್ಕೆ ಒಬ್ಬರು ಇಷ್ಟು ಕಷ್ಟಪಡುವುದನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಅಥವಾ ದಿನಾ ಬೆಳಗ್ಗೆ ಕಾಲೆತ್ತಿಕೊಂಡು ಕುಳಿತಿದ್ದಾಗ ಹತ್ತಿರವೇ ಇದ್ದರೂ ನೋಡಿರಲಿಲ್ಲ. ಅವಳ ಪಕ್ಕ ಕುಳಿತು ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು. ಅವಳು ಕಣ್ಣು ತೆರೆದು ನನ್ನನ್ನು ನೋಡಿ, ಮಾಸ್ಕನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿದಳು. ನಾನು ಬಗ್ಗಿ ಕಿವಿಗೊಟ್ಟೆ.

"ಯಾವ್ದು ತಗೊಂಡ್ರಿ?" ಎಂದಳು.

"ಇನ್ನೂ ಇಲ್ಲ" ಎಂದೆ.

ಅವಳು ಮಾಸ್ಕು ಹಾಕಿಕೊಂಡು ಕಣ್ಣು ಮುಚ್ಚಿದಳು. ಬೈದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು.

ಅವಳ ಉಸಿರು ಒಂದು ಹದಕ್ಕೆ ಬಂದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಇಂಥ ಹೊತ್ತಿನಲ್ಲೂ ನನ್ನ ಬುದ್ಧಿ ಹೇಗೆ ಓಡುತ್ತದೆ ನೋಡಿ: "ಡಾಕ್ಟ್ರೇ, ನೀವೇ ಆಗಿದ್ರೆ ಚೀಲದ್ದು ತಗೋತಿದ್ರಾ, ಡಬ್ಬೀದಾ?" ಎಂದು ಕೇಳಿಬಿಟ್ಟೆ. ಅವರು ನನ್ನನ್ನೂ ಏನಾದರೂ ತಪಾಸಣೆ ಮಾಡಬೇಕೇ ಎಂಬಂತೆ ದಿಟ್ಟಿಸಿದರು. "ಧೂಳು ವಾಪಸ್ ಆಚೆ ಬರ್ಬಾರ್ದು, ಇವರು ಅದನ್ನ ಮುಟ್ಬಾರ್ದು. ಅಷ್ಟೇ ನೋಡ್ಕೊಳ್ಳಿ. ಯಂತ್ರ ಬರೋವರೆಗೆ ನೀವೇ ಒಂದು ಒದ್ದೆ ಬಟ್ಟೆ ತಗೊಂಡು ಒರೆಸಿದ್ರೂ ಆಗ್ತಿತ್ತಲ್ಲ ಮೇಷ್ಟ್ರೇ?" ಎಂದರು. ಅಷ್ಟು ವಿಡಿಯೋ ನೋಡಿದ್ದರೂ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಅವಳನ್ನು ಮನೆಯಲ್ಲಿ ಮಲಗಿಸಿ, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ, ನೇರ ಅಂಗಡಿಗೆ ಹೋದೆ. ಮಾಲೀಕ ಧೂಳಿನ ಡಬ್ಬಕ್ಕೆ ಕೈ ಹಾಕಿದ. "ಬೇಡ!" ಎಂದು ಕೂಗಿದೆ. "ಚೀಲದ್ದು ಕೊಡಿ. ಬದಲಿ ಚೀಲ ಎಷ್ಟಿದೆಯೋ ಅಷ್ಟೂ ಕೊಡಿ." ಅವನು ಗಾಬರಿಯಿಂದ, "ಇನ್ನೊಂದ್ ಸಲ ಯೋಚ್ನೆ ಮಾಡ್ತೀರಾ ಸಾರ್?" ಎಂದ. ಒಬ್ಬ ವ್ಯಾಪಾರಿಯ ಬಾಯಿಂದಲೇ ಅಂಥ ಮಾತು ಬರುವಂತೆ ಮಾಡಿದ ಗಿರಾಕಿ ಊರಿನಲ್ಲಿ ನಾನೊಬ್ಬನೇ ಇರಬೇಕು. ಅದೇ ಸಂಜೆ ಪಂಚೆ ಎತ್ತಿ ಕಟ್ಟಿ ಒದ್ದೆ ಬಟ್ಟೆ ಹಿಡಿದು ಮಂಚದ ಕೆಳಗೆ ತೂರಿದೆ. ಅಲ್ಲಿಂದ ಹೊರಬರುವಾಗ ಸೊಂಟ ಹಿಡಿದುಕೊಂಡಿತು. ವಸಂತಾ ಮಲಗಿದ್ದಲ್ಲಿಂದಲೇ, "ಬಟ್ಟೆ ಹಿಂಡಿ ಒರೆಸ್ಬೇಕು ಕಣ್ರೀ, ಇದು ಮನೆ ಒರೆಸಿದಂಗಿಲ್ಲ, ಗದ್ದೆಗೆ ನೀರು ಬಿಟ್ಟಂಗಿದೆ" ಎಂದಳು. ಅಂತೂ ಮಾತಾಡಿದಳಲ್ಲ ಎಂದು ಸಂತೋಷವಾಯಿತು.

ಮಾರನೆಯ ದಿನ ಮುಳಬಾಗಿಲಿನ ಬಸ್ಸಿನಲ್ಲಿ ನನ್ನ ಅತ್ತೆ, ವಸಂತಾಳ ತಾಯಿ ಮುನಿವೆಂಕಟಮ್ಮನವರು, ಮಗಳನ್ನು ನೋಡಿಕೊಳ್ಳಲು ಬಂದಿಳಿದರು. ಕೈಯಲ್ಲಿ ಹುರಿದ ಕಡಲೆಕಾಯಿ ಬೀಜದ ದೊಡ್ಡ ಗಂಟು. ಮನೆಮಾತು ತೆಲುಗು, ನನ್ನೊಡನೆ ಮಾತ್ರ ಕನ್ನಡ. ನನ್ನನ್ನು "ನಾಯ್ನಾ" ಎಂದು ಬಾಯಿತುಂಬ ಕರೆಯುತ್ತಾರೆ. ಆದರೆ ಅಳಿಯನ ಕೈಲಾಗುವ ಕೆಲಸಗಳ ಬಗ್ಗೆ ಅವರ ಅಭಿಪ್ರಾಯ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಪೊರಕೆಯ ಬದಲು ಕರೆಂಟಿನ ಯಂತ್ರ ತಂದದ್ದಕ್ಕೆ ಏನನ್ನುತ್ತಾರೋ ಎಂದು ಅಂಜಿಕೊಂಡೇ ಅದನ್ನು ಚಾಲೂ ಮಾಡಿದೆ. ಅವರು ಸೋಫಾದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಉದ್ದನೆಯ ಕೊಳವೆ ನೆಲದ ಕಸವನ್ನು ಸೊರಸೊರ ಎಳೆದುಕೊಳ್ಳುವುದನ್ನು ನೋಡಿದರು. "ಏನುಗು ಇದ್ದಂಗೈತಲ್ಲ ನಾಯ್ನಾ! ಸೊಂಡ್ಲು ನೋಡು!" ಎಂದರು. ತೆಲುಗಿನಲ್ಲಿ ಏನುಗು ಎಂದರೆ ಆನೆ. ನನ್ನ ಕೈಯಿಂದ ಕೊಳವೆ ಕಿತ್ತುಕೊಂಡರು. ಅಂದಿನಿಂದ ಅದು ನಮ್ಮ ಮನೆಯ ಏನುಗು, ಅವರು ಅದರ ಮಾವುತರು.

ಬೆಳಗಾದರೆ ಮನೆಯಲ್ಲಿ ಏನುಗಿನ ಸದ್ದು. ವಸಂತಾಳನ್ನು ಹಿಂದಿನ ಕೋಣೆಗೆ ಕಳಿಸಿ ಬಾಗಿಲು ಹಾಕಿ, ಅತ್ತೆ ನೆಲ ಹೀರಿದರು, ಗೋಡೆ ಹೀರಿದರು, ದೇವರ ಪಟಗಳನ್ನು ಕೈಮುಗಿದು ಹೀರಿದರು. ಹೇರ್‌ಪಿನ್ನು, ಏಲಕ್ಕಿ, ಕ್ಯಾಲೆಂಡರಿನ ಒಂದು ತಿಂಗಳು ಎಲ್ಲ ಒಳಗೆ ಹೋದವು. ಕಾಲೇಜಿಗೆ ಹೊರಟು ನಿಂತಿದ್ದ ನನ್ನನ್ನು "ನಿಲ್ಲು ನಾಯ್ನಾ" ಎಂದು ತಡೆದು, ಮೈಮೇಲಿದ್ದ ಅಂಗಿಯ ಕಾಲರನ್ನೂ ಹೀರಿ ಕಳಿಸಿದರು. ಒರೆಸುವ ಕೆಲಸ ನನ್ನ ಪಾಲಿಗೇ ಉಳಿಯಿತು. ವಸಂತಾಳ ಎದೆಯ ಪೀಪಿ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂದು, ಒಂದು ಬೆಳಗ್ಗೆ ನಿಂತೇಹೋಯಿತು. ನಾನು ಅವಳ ಬೆನ್ನಿಗೆ ಕಿವಿಯಿಟ್ಟು ಕೇಳಿ ಖಚಿತಪಡಿಸಿಕೊಂಡೆ. "ಏನ್ರೀ ಇದು, ಅಮ್ಮ ನೋಡ್ತಾರೆ" ಎಂದು ಅವಳು ಮೊಣಕೈಯಿಂದ ತಿವಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಒಂದಿಷ್ಟಾದರೂ ಉಳಿಯುತ್ತಿತ್ತು. ಒಂದು ಭಾನುವಾರ ಬೆಳಗ್ಗೆ ಪೇಪರು ಓದುತ್ತ ಕಡಲೆಕಾಯಿ ಬೀಜ ಮೆಲ್ಲುತ್ತಿದ್ದಾಗ ನನ್ನ ಮುಂದಿನ ಹಲ್ಲಿನ ಕ್ಯಾಪು ಕಳಚಿ ಕೈಗೆ ಬಂತು. ಆ ಹಲ್ಲು ಹುಟ್ಟಾ ನನ್ನದಲ್ಲವೆಂಬುದು ಮನೆಯವರಿಗೆ ಬಿಟ್ಟರೆ ಯಾರಿಗೂ ತಿಳಿಯದು. ಅದನ್ನು ಜೋಪಾನವಾಗಿ ಟೀಪಾಯಿಯ ಮೇಲಿಟ್ಟು, ಹಲ್ಲಿನ ಡಾಕ್ಟರಿಗೆ ಫೋನು ಮಾಡಲು ಒಳಗೆ ಹೋದೆ. ಡಾಕ್ಟರು, ಈಗಲೇ ತೆಗೆದುಕೊಂಡು ಬನ್ನಿ, ಅಂಟಿಸಿಕೊಡುತ್ತೇನೆ ಎಂದರು. ಹೊರಗೆ ಬಂದರೆ ಟೀಪಾಯಿ ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಅತ್ತೆ ಕೊಳವೆ ಹಿಡಿದು ನಿಂತಿದ್ದರು.

"ಅಫ್ಫೆ, ಇಲ್ಲೊಂದು ಬೆಳ್ಳಗಿರೋದು ಇಟ್ಟಿದ್ದೆನಲ್ಲ" ಎಂದೆ. ಹಲ್ಲಿಲ್ಲದ ಸಂದಿಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

"ಕಡ್ಲೆಬೀಜ ಅನ್ಕೊಂಡೆ ನಾಯ್ನಾ. ಏನುಗು ತಿಂದ್ಬಿಡ್ತು."

ಧೂಳನ್ನು ಯಾರೂ ಮುಟ್ಟಬಾರದೆಂದೇ ತಂದ ಚೀಲ. ಅದನ್ನು ಹಿತ್ತಿಲಿಗೆ ಒಯ್ದು, ಮೂಗಿಗೆ ಟವೆಲು ಕಟ್ಟಿಕೊಂಡು, ಬನಿಯನ್ನಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಕತ್ತರಿಯಿಂದ ಹೊಟ್ಟೆ ಸೀಳಿದೆ. ಒಳಗಿನ ಧೂಳು ಕೆಂಪು ಬೆರೆತ ಬೂದು ಬಣ್ಣದ ಹತ್ತಿಯಂತೆ ಹೊರಗೆ ಉಬ್ಬಿ ಬಂತು. ಮೊಣಕೈವರೆಗೆ ಕೈ ಬಿಟ್ಟು ತಡಕುತ್ತಿದ್ದಾಗ ಪಕ್ಕದ ಓಣಿಯಿಂದ, "ಮುನಿರಾಜು ಸರ್, ಹೊಸ ಮಷೀನ್ ನೋಡೋಣ ಅಂತ ಬಂದ್ವಿ" ಎಂಬ ದನಿ ಕೇಳಿಸಿತು. ರೆಡ್ಡಿ ಮತ್ತು ನೂರುಲ್ಲಾ ಸಾಹೇಬರು, ವಸಂತಾಳಿಗೆಂದು ಹಣ್ಣು ಹಿಡಿದು ಬಂದಿದ್ದರು. ನಾನು ಬಾಯಿ ತೆರೆಯದೆ ನಗಲು ಪ್ರಯತ್ನಿಸಿದೆ. ಅಷ್ಟರಲ್ಲಿ ಅತ್ತೆ ಹಿತ್ತಿಲ ಬಾಗಿಲಿಗೆ ಬಂದು, "ಅಳಿಯಂದು ಹಲ್ಲು ಒಳಗೋಗೈತೆ" ಎಂದು ಇಡೀ ಬೀದಿಗೆ ಕೇಳುವಂತೆ ವಿಷಯ ತಿಳಿಸಿ ಕಾಫಿಗೆ ನೀರಿಡಲು ಹೋದರು.

ನನ್ನ ಸ್ನೇಹಿತರು ಹಣ್ಣನ್ನು ಕಟ್ಟೆಯ ಮೇಲಿಟ್ಟು ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ ರೆಡ್ಡಿಯ ಮುಖ ಅರಳಿತು. "ಸಾರ್, ಡಬ್ಬೀದಾಗಿದ್ರೆ ಹಲ್ಲು ಹೊರಗಿಂದ್ಲೇ ಕಾಣಿಸ್ತಿತ್ತು. ಟ್ರಾನ್ಸ್‌ಪರೆಂಟು!"

"ಡಬ್ಬೀದಾಗಿದ್ರೆ ಹಲ್ಲು ಅದರೊಳಗೆ ಗಿರಗಿರ ತಿರುಗಿ ತಿರುಗಿ ಪುಡಿಯಾಗ್ತಿತ್ತು" ಎಂದರು ನೂರುಲ್ಲಾ ಸಾಹೇಬರು. "ಇಲ್ಲಿ ನೋಡಿ, ಹತ್ತಿಯಲ್ಲಿ ಇಟ್ಟ ಮುತ್ತಿನ ತರಹ ಭದ್ರವಾಗಿದೆ."

"ಏದಿ ಸಾರ್? ಎಲ್ಲಿದೆ ಮುತ್ತು? ಮೊದ್ಲು ಸಿಗ್ಲಿ!"

ಇಬ್ಬರೂ ನನ್ನ ಎರಡು ಪಕ್ಕದಲ್ಲಿ ಕುಕ್ಕರಿಸಿ ಕುಳಿತು, ಒಂದೊಂದು ಕಡ್ಡಿ ಹಿಡಿದು ಧೂಳು ಕೆದಕುತ್ತ ವಾದ ಮುಂದುವರಿಸಿದರು. ಕಡೆಗೂ ಹಲ್ಲು ಸಿಕ್ಕಿತು. ನಾನು ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದಾಗ ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ವಸಂತಾ ಬಂದು ನಿಂತಿದ್ದಳು. ಮೈಕೈಯೆಲ್ಲ ಧೂಳು ಬಳಿದುಕೊಂಡ ಗಂಡ, ಅವನ ಎಡಬಲಕ್ಕೆ ಇಬ್ಬರು ಉಪನ್ಯಾಸಕರು, ನಡುವೆ ಒಂದು ಹಲ್ಲು. ಅವಳು ನಗತೊಡಗಿದಳು. ವರ್ಷದಿಂದೀಚೆಗೆ ಅವಳ ನಗುವೆಲ್ಲ ಕೆಮ್ಮಿನಲ್ಲೇ ಮುಗಿಯುತ್ತಿತ್ತು, ಹಾಗಾಗಿ ನಗುವುದನ್ನೇ ಅವಳು ಕಡಿಮೆ ಮಾಡಿದ್ದಳು. ಕೆಮ್ಮು ಬರುತ್ತದೆಂದು ನಾನು ಕಾಯುತ್ತ ನಿಂತೆ. ಬರಲಿಲ್ಲ. ಅವಳು ಕಿಟಕಿಯ ಸರಳು ಹಿಡಿದು, ಕಣ್ಣೊರೆಸಿಕೊಂಡು, ಮತ್ತೆ ನಕ್ಕಳು.

"ಅಂತೂ ಮದುವೆ ಆದಾಗಿಂದ ನೀವು ಅಷ್ಟೊಂದರಲ್ಲಿ ಒಂದನ್ನ ಒಂದೇ ಸಲಕ್ಕೆ ಸರಿಯಾಗಿ ಆರಿಸಿದ್ದು ಇದೇ ಮೊದಲು ಕಣ್ರೀ" ಎಂದು ಗಾಜಿನ ಹಿಂದಿನಿಂದ ಕೂಗಿ ಹೇಳಿದಳು.

ನಾನು ವಿನಯದಿಂದ ತಲೆ ಬಗ್ಗಿಸಿದೆ. ರೆಡ್ಡಿ ಆಕಾಶ ನೋಡಿದರು. ನೂರುಲ್ಲಾ ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಆ ಎರಡು ಪಕ್ಷಗಳ ನಡುವೆ ಒಮ್ಮತ ಮೂಡಿದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ. ಅವಳು ಕಿಟಕಿಗೆ ಬರುವುದಕ್ಕೆ ಸ್ವಲ್ಪ ಮುಂಚೆ ನಾನು ಅದೇ ಧೂಳಿನಿಂದ ಒಂದು ಕಡಲೆಬೀಜದ ಹೋಳನ್ನು ಆರಿಸಿ, ಸಿಕ್ಕಿತು ಎಂದು ಸಂಭ್ರಮಪಟ್ಟು, ನಲ್ಲಿಯಲ್ಲಿ ತೊಳೆದು, ಬಾಯಿಗಿಟ್ಟು ನೋಡಿದ್ದನ್ನು ಅವರಿಬ್ಬರೂ ಕ್ರಮೇಣ ಮರೆಯುತ್ತಾರೆಂದು ನಂಬಿದ್ದೇನೆ. ಹಾಗೆ ನೋಡಿದರೆ, ಹಲ್ಲಿಗಿಂತ ಅದೇ ಚೆನ್ನಾಗಿ ಕೂತಿತ್ತು.